ಭಾನುವಾರದ ಭೇಟಿ ಯಾರ ಹಕ್ಕು?

ತಲಾಕ್ ಅಥವಾ ಖುಲಾ ಆದ ಬಳಿಕ ಎರಡೂ ಕಡೆಯ ಹಿರಿಯರು ಮಸೀದಿಯ ಪಡಸಾಲೆಯಲ್ಲಿ ಕುಳಿತು ಲೆಕ್ಕಕ್ಕೆ ತೊಡಗುತ್ತಾರೆ. ಮಹ್ರ್ ಎಷ್ಟು ಬಾಕಿ ಇದೆ, ಇದ್ದತ್‌ನ ಖರ್ಚು ಎಷ್ಟು, ಮದುವೆಯಲ್ಲಿ ಕೊಟ್ಟ ಚಿನ್ನ, ಕಪಾಟು, ಪಾತ್ರೆಗಳು ಯಾರಿಗೆ ಸೇರಬೇಕು? ಒಂದೊಂದು ಚಮಚದ ಬಗ್ಗೆಯೂ ಚರ್ಚೆ ನಡೆಯುತ್ತದೆ. ಮಕ್ಕಳ ಸರದಿ ಬರುವಾಗ ಇಶಾ ನಮಾಝ್‌ನ ಹೊತ್ತು ಮೀರಿರುತ್ತದೆ, ಎಲ್ಲರಿಗೂ ದಣಿವು. "ಮಕ್ಕಳು ಸದ್ಯ ತಾಯಿ ಹತ್ರ ಇರ್ಲಿ, ಅಪ್ಪ ಆಗಾಗ ಬಂದು ನೋಡ್ಕೊಂಡು ಹೋಗ್ಲಿ" ಎಂದು ಯಾರೋ ಒಬ್ಬರು ಹೇಳುತ್ತಾರೆ, ಸಭೆ ಮುಗಿಯುತ್ತದೆ. ಚಮಚದ ವಿಷಯದಲ್ಲಿ ಅಷ್ಟೊಂದು ನಿಖರವಾಗಿದ್ದವರು ಮಗುವಿನ ವಿಷಯದಲ್ಲಿ ಬಳಸಿದ ಒಂದೇ ಒಂದು ಪದ 'ಆಗಾಗ'. ಮುಂದಿನ ಹಲವು ವರ್ಷಗಳ ಜಗಳ ಹುಟ್ಟುವುದು ಈ ಪದದಿಂದ.

ರೋಣ ತಾಲೂಕಿನ ಯಾವಗಲ್‌ನಂತಹ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳೋಣ. ತಂದೆಯ ಮನೆ ಅಲ್ಲಿ, ತಾಯಿಯ ತವರು ನರಗುಂದದಲ್ಲಿ ಎಂದಿಟ್ಟುಕೊಳ್ಳಿ. ಮಗನಿಗೆ ಆರು ವರ್ಷ, ಮಗಳಿಗೆ ನಾಲ್ಕು. ಇಬ್ಬರೂ ತಾಯಿಯ ಜೊತೆ ನಾನಿಯ ಮನೆಯಲ್ಲಿದ್ದಾರೆ. ಬಹಳ ದೂರವೆಂದು ಹೇಳುವಂತಿಲ್ಲ, ಬಸ್ಸಿದೆ. ಆದರೆ ಎರೆಹೊಲ ಬಿತ್ತನೆಗೆ ಹದವಾದಾಗ ರೈತ ಊರು ಬಿಟ್ಟು ಕದಲುವಂತಿಲ್ಲ. ಮಳೆಗಾಲದಲ್ಲಿ ಬೆಣ್ಣೆಹಳ್ಳ ಉಕ್ಕಿದರೆ ರಸ್ತೆ ಮುಳುಗಿ ಬಸ್ ನಿಲ್ಲುತ್ತದೆ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಗುಳೆ ಹೋಗಬೇಕಾಗುತ್ತದೆ. ಹೀಗಾಗಿ 'ಆಗಾಗ' ಎಂಬುದು ಮೊದಲು ವಾರಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ, ಕೊನೆಗೆ ಈದ್‌ನಿಂದ ಈದ್‌ಗೆ ಬಂದು ನಿಲ್ಲುತ್ತದೆ. ಒಂದು ದಿನ ತಂದೆ ಹೇಳದೆ ಕೇಳದೆ ರಾತ್ರಿ ಎಂಟಕ್ಕೆ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮಕ್ಕಳು ಮಲಗಿದ್ದಾರೆ ಎನ್ನುತ್ತಾರೆ ಮನೆಯವರು. ಅದು ನಿಜವೂ ಇರಬಹುದು. ಆದರೆ ಆತನ ಕಿವಿಗೆ ಅದು ಮುಚ್ಚಿದ ಬಾಗಿಲಿನ ಸದ್ದಾಗಿ ಕೇಳಿಸುತ್ತದೆ.

ಆಮೇಲೆ ಎರಡು ಮಾತುಗಳು ಹುಟ್ಟಿಕೊಳ್ಳುತ್ತವೆ. ತಾಯಿಯ ಕಡೆಯವರು, "ರೊಕ್ಕ ಕೊಡದವಗ ಮಕ್ಕಳ ಮಾರಿ ಯಾಕ ತೋರಸಬೇಕು?" ಎನ್ನುತ್ತಾರೆ. ತಂದೆಯ ಕಡೆಯವರು, "ಮಾರಿ ತೋರಸದವರಿಗೆ ರೊಕ್ಕ ಯಾಕ ಕೊಡಬೇಕು?" ಎನ್ನುತ್ತಾರೆ. ಕೇಳುವವರಿಗೆ ಎರಡೂ ನ್ಯಾಯದ ಮಾತುಗಳಂತೆ ತೋರುತ್ತವೆ. ಊರಿನವರು ತಮ್ಮ ತಮ್ಮ ನೆಂಟಸ್ತಿಕೆಗೆ ತಕ್ಕಂತೆ ಒಂದೊಂದು ಕಡೆ ನಿಲ್ಲುತ್ತಾರೆ. ಆದರೆ ಸ್ವಲ್ಪ ಯೋಚಿಸಿದರೆ ಎರಡು ಮಾತುಗಳೂ ಒಂದೇ ಎಂಬುದು ತಿಳಿಯುತ್ತದೆ. ಇಬ್ಬರೂ ಮಗುವನ್ನು ಅಡವಿಟ್ಟ ಒಡವೆಯಂತೆ ಕಂಡಿದ್ದಾರೆ. ಸಾಲ ತೀರಿಸು, ಒಡವೆ ಬಿಡಿಸಿಕೋ!

ಭೇಟಿ ಎಂಬುದು ಯಾರ ಹಕ್ಕು? ತಂದೆಯ ಹಕ್ಕೇ? ಹಾಗಾದರೆ ಅದನ್ನು ಬಿಟ್ಟುಕೊಡುವ ಸ್ವಾತಂತ್ರ್ಯವೂ ಆತನಿಗಿದೆ. "ನನಗೆ ಬೇಡ, ನಾನು ಬರುವುದಿಲ್ಲ, ನೀವೇ ಸಾಕಿಕೊಳ್ಳಿ" ಎಂದರೆ ಅಲ್ಲಿಗೆ ವಿಷಯ ಮುಗಿಯಿತು. ತಾಯಿಯ ಔದಾರ್ಯವೇ? ಹಾಗಾದರೆ ಆಕೆ ಕೊಟ್ಟಾಗ ಕೊಟ್ಟಳು, ಇಲ್ಲದಾಗ ಇಲ್ಲ. ನಮ್ಮ ಸಮುದಾಯದಲ್ಲಿ ಹೆಚ್ಚಿನವರು ಈ ಎರಡರಲ್ಲಿ ಒಂದನ್ನು ನಂಬಿದ್ದಾರೆ. ಆದರೆ ಹನಫೀ ಫಿಕ್‌ಹ್‌ನಲ್ಲಿ ಈ ಪ್ರಶ್ನೆಗೆ ಬೆಳಕು ಚೆಲ್ಲುವ ಒಂದು ನಿಯಮವಿದೆ. ಮಗುವನ್ನು ಪತಿಯ ಬಳಿಯೇ ಬಿಟ್ಟುಹೋಗಬೇಕು ಎಂಬ ಷರತ್ತಿನ ಮೇಲೆ ಹೆಣ್ಣೊಬ್ಬಳು ಖುಲಾ ಪಡೆದರೆ ಆ ಖುಲಾ ಸಿಂಧುವಾಗುತ್ತದೆ, ಷರತ್ತು ಮಾತ್ರ ಬಿದ್ದುಹೋಗುತ್ತದೆ. ಏಕೆಂದರೆ ತಾಯಿಯ ಬಳಿ ಇರುವುದು ಮಗುವಿನ ಹಕ್ಕು. ತನ್ನದಲ್ಲದ್ದನ್ನು ಆಕೆ ಬೆಲೆಯಾಗಿ ಕೊಡಲಾರಳು, ಆತ ಪಡೆಯಲಾರ.

ಪಾಲನೆಯ ವಿಷಯದಲ್ಲಿ ಪಂಡಿತರು ಹೇಳಿದ ಈ ಮಾತನ್ನು ಭೇಟಿಗೂ ಅನ್ವಯಿಸಬೇಕೆಂದು ನನಗನಿಸುತ್ತದೆ. ಆಗ ಹಿಂದಿನ ಎರಡು ಮಾತುಗಳೂ ತಾವಾಗಿ ಕುಸಿಯುತ್ತವೆ. ಖರ್ಚು ಮಗುವಿನ ಹಕ್ಕು, ಅದನ್ನು ಕೊಡಬೇಕಾದವನು ತಂದೆ. ಭೇಟಿಯೂ ಮಗುವಿನ ಹಕ್ಕು, ಅದನ್ನು ಈಡೇರಿಸಬೇಕಾದವರು ಇಬ್ಬರೂ. ಒಂದು ಹಕ್ಕು ತಪ್ಪಿತೆಂದು ಅದೇ ಮಗುವಿನ ಇನ್ನೊಂದು ಹಕ್ಕನ್ನು ಕಿತ್ತುಕೊಂಡರೆ ಮಗುವಿಗೆ ಎರಡು ಸಲ ಅನ್ಯಾಯವಾಗುತ್ತದೆಯೇ ಹೊರತು ತಪ್ಪಿತಸ್ಥನಿಗೆ ಶಿಕ್ಷೆಯಾಗುವುದಿಲ್ಲ. ಖರ್ಚು ಬಾರದಿದ್ದರೆ ವಸೂಲಿಗೆ ಬೇರೆ ದಾರಿಯಿದೆ. 1986ರ ಕಾಯ್ದೆಯ ಬಳಿಕ, ತಲಾಕ್ ಆದ ತಾಯಿಯ ಬಳಿಯಿರುವ ಮಕ್ಕಳಿಗೆ ಎರಡು ವರ್ಷ ವಯಸ್ಸಿನವರೆಗೆ ಮಾತ್ರ ತಂದೆ ಖರ್ಚು ಕೊಟ್ಟರೆ ಸಾಕೆಂದು ಹಲವರು ತಿಳಿದಿದ್ದರು. ಆದರೆ ಮಕ್ಕಳ ಸ್ವಂತ ಹಕ್ಕು ಅದಕ್ಕಿಂತ ಬೇರೆ, ಅದು ಅವರು ಪ್ರಾಪ್ತ ವಯಸ್ಸಿಗೆ ಬರುವವರೆಗೂ ಉಳಿಯುತ್ತದೆ, ಹೆಣ್ಣುಮಕ್ಕಳಿಗೆ ಮದುವೆಯಾಗುವವರೆಗೆ ಉಳಿಯುತ್ತದೆ ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಪವಿತ್ರ ಖುರ್‌ಆನ್‌ನ ಅಲ್‌ಬಕರಃ ಅಧ್ಯಾಯದ 233ನೇ ಸೂಕ್ತವು ಮೊಲೆಯೂಡಿಸುವಿಕೆಯ ಬಗ್ಗೆ ಮಾತಾಡುತ್ತದೆ. ತಲಾಕ್‌ನ ನಿಯಮಗಳ ನಡುವೆ ಬಂದಿರುವ ಸೂಕ್ತವಿದು. ಮಗುವಿನ ಕಾರಣದಿಂದ ತಾಯಿಗೂ ತೊಂದರೆಯಾಗಬಾರದು, ತಂದೆಗೂ ತೊಂದರೆಯಾಗಬಾರದು ಎಂದು ಅದು ವಿಧಿಸುತ್ತದೆ. ಮೊಲೆ ಬಿಡಿಸಬೇಕಿದ್ದರೂ ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಆಗಲಿ ಎನ್ನುತ್ತದೆ. ಇದನ್ನೊಮ್ಮೆ ನಿಧಾನವಾಗಿ ಯೋಚಿಸಬೇಕು. ಗಂಡ ಹೆಂಡಿರ ಸಂಬಂಧ ಕಡಿದಿರಬಹುದು. ಆದರೂ ಮಗು ಎಂದು ಹಾಲು ಬಿಡಬೇಕು ಎಂಬಷ್ಟು ಸಣ್ಣ ವಿಷಯಕ್ಕೂ ಇಬ್ಬರೂ ಕೂತು ಮಾತಾಡಬೇಕೆಂದು ಅಲ್ಲಾಹನು ಬಯಸುತ್ತಾನೆ. ಹೀಗಿರುವಾಗ ಮಗು ಯಾವ ಭಾನುವಾರ ಎಲ್ಲಿರಬೇಕು ಎಂಬುದನ್ನು ಮಾಮು ಒಬ್ಬರೇ ಅಥವಾ ಚಾಚಾ ಒಬ್ಬರೇ ತೀರ್ಮಾನಿಸುವುದು ಯಾವ ನ್ಯಾಯ?

ದಿನ ಗೊತ್ತುಪಡಿಸಿದ ಮೇಲೆ ಅದು ಮಾತು ಕೊಟ್ಟಂತೆ. ದೊಡ್ಡವರಿಗೆ ಕೊಟ್ಟ ಮಾತಿಗಿಂತ ಮಕ್ಕಳಿಗೆ ಕೊಟ್ಟ ಮಾತು ಅಗ್ಗವೆಂಬ ಭಾವನೆ ನಮ್ಮಲ್ಲಿ ಬಹಳ ಹಿಂದಿನಿಂದ ಬಂದಿದೆ. ಅಬೂದಾವೂದ್ ಸಂಗ್ರಹದಲ್ಲಿ ಒಂದು ಘಟನೆಯಿದೆ. ಒಬ್ಬ ತಾಯಿ, ಇಲ್ಲಿ ಬಾ, ಏನೋ ಕೊಡುತ್ತೇನೆ ಎಂದು ತನ್ನ ಪುಟ್ಟ ಮಗನನ್ನು ಕರೆದಳು. ಪ್ರವಾದಿ(ಸ) ಆ ಮನೆಯಲ್ಲಿಯೇ ಕುಳಿತಿದ್ದರು. ಏನು ಕೊಡಬೇಕೆಂದಿದ್ದೆ ಎಂದು ವಿಚಾರಿಸಿದರು. ಖರ್ಜೂರ ಎಂದಳು. ಏನೂ ಕೊಡದಿರುತ್ತಿದ್ದರೆ ನಿನ್ನ ಹೆಸರಿನಲ್ಲಿ ಒಂದು ಸುಳ್ಳು ಬರೆಯಲ್ಪಡುತ್ತಿತ್ತು ಎಂದು ಎಚ್ಚರಿಸಿದರು. ಒಂದು ಖರ್ಜೂರದ ಮಾತೇ ಇಷ್ಟು ತೂಕದ್ದಾದರೆ, "ಬರೋ ಐತವಾರ ಅಬ್ಬಾ ಬರ್ತಾರ" ಎಂದು ಹೇಳಿಸಿಕೊಂಡು, ಅಂಗಿ ಹಾಕಿಕೊಂಡು, ಬೆಳಗಿನಿಂದ ಕಟ್ಟೆಯ ಮೇಲೆ ಕೂತ ಮಗುವಿನ ದಿನದ ತೂಕವೆಷ್ಟು? ಬಾರದ ತಂದೆ ಈ ಲೆಕ್ಕ ಕೊಡಬೇಕು. ಬಂದ ತಂದೆಗೆ ಮಗು ಮನೆಯಲ್ಲಿಲ್ಲ ಎಂದು ಹೇಳಿಸಿದ ತಾಯಿಯೂ ಕೊಡಬೇಕು.

ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಹ. ಉಮರ್(ರ)ರ ಒಂದು ಪ್ರಸಂಗ ದಾಖಲಾಗಿದೆ. ಅನ್ಸಾರ್ ಮನೆತನದ ಒಬ್ಬ ಪತ್ನಿಯಿಂದ ಅವರಿಗೆ ಆಸಿಮ್ ಎಂಬ ಮಗನಿದ್ದ. ಆಕೆಯಿಂದ ಅವರು ಬೇರ್ಪಟ್ಟಿದ್ದರು. ಒಮ್ಮೆ ಕುಬಾಕ್ಕೆ ಬಂದಾಗ ಮಸೀದಿಯ ಅಂಗಳದಲ್ಲಿ ಆ ಹುಡುಗ ಆಡುತ್ತಿರುವುದು ಕಂಡಿತು. ಅವರು ಅವನ ತೋಳು ಹಿಡಿದೆತ್ತಿ ತಮ್ಮ ವಾಹನದ ಮೇಲೆ ಮುಂದೆ ಕೂರಿಸಿಕೊಂಡರು. ಹುಡುಗನ ಅಜ್ಜಿ ಓಡಿ ಬಂದು ತಡೆದರು. ಜಗಳ ಖಲೀಫಾ ಅಬೂಬಕ್ಕರ್(ರ)ರ ಬಳಿಗೆ ಹೋಯಿತು. ನನ್ನ ಮಗ ಎಂದರು ಉಮರ್. ನನ್ನ ಮಗ ಎಂದರು ಅಜ್ಜಿ. ಹುಡುಗನನ್ನು ಆಕೆಗೆ ಬಿಟ್ಟುಬಿಡಿ ಎಂದು ಖಲೀಫರು ತೀರ್ಪಿತ್ತರು. ಉಮರ್ ಮರುಮಾತಾಡಲಿಲ್ಲ.

ನಮ್ಮೂರುಗಳಲ್ಲಿ ಇಂದು ನಡೆಯುವುದು ಇದಕ್ಕಿಂತ ಬೇರೆಯೇ? ಶಾಲೆ ಬಿಡುವ ಹೊತ್ತಿಗೆ ಬಂದು ಹುಡುಗನನ್ನು ಬೈಕಿನ ಮುಂದೆ ಕೂರಿಸಿಕೊಂಡು ಹೋಗುವ ತಂದೆಯರಿದ್ದಾರೆ. ಅದು ವಾತ್ಸಲ್ಯದಿಂದಲೇ ಹುಟ್ಟಿದ್ದಿರಬಹುದು. ಉಮರ್(ರ)ರಿಗೂ ವಾತ್ಸಲ್ಯವೇ ಇದ್ದಿರಬೇಕು, ಆಡುವ ಮಗನನ್ನು ಕಂಡಾಗ ಯಾವ ತಂದೆಯ ಕೈ ಸುಮ್ಮನಿರುತ್ತದೆ? ಆದರೆ ವಾತ್ಸಲ್ಯಕ್ಕೂ ಒಂದು ಬಾಗಿಲಿದೆ, ಅದರಿಂದಲೇ ಒಳಗೆ ಬರಬೇಕು. ಇಡೀ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ತಟ್ಟುವುದು ತೀರ್ಪಲ್ಲ, ಉಮರ್‌ರ ಮೌನ. ಅಷ್ಟು ಗಡಸು ಮನುಷ್ಯ, ಅಷ್ಟು ಪ್ರಭಾವಶಾಲಿ, ಮುದುಕಿಯೊಬ್ಬರ ಎದುರು ಸೋತು ಸುಮ್ಮನಾದರು. ಹಾಗೆ ಅಜ್ಜಿಯ ಕೈಯಲ್ಲಿ ಉಳಿದ ಆಸಿಮ್‌ರ ಮಗಳೇ ಮುಂದೆ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್‌ರ ತಾಯಿಯಾದರು ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ದೂರದ ಪ್ರಶ್ನೆ. ಹನ್ನೆರಡನೇ ಶತಮಾನದ ಅಲ್ಲಾಮಾ ಮರ್ಗೀನಾನಿಯವರ ಹಿದಾಯಾ ಗ್ರಂಥವು ತಲಾಕ್ ಆದ ತಾಯಿ ಮಗುವನ್ನು ಎಲ್ಲಿಗೆ ಕರೆದೊಯ್ಯಬಹುದು ಎಂದು ಚರ್ಚಿಸುತ್ತದೆ. ತಾನು ಮದುವೆಯಾದ ತನ್ನ ಸ್ವಂತ ಊರಿಗೆ ಹೋಗಲು ಆಕೆಗೆ ಅವಕಾಶವಿದೆ. ಬೇರೆ ಊರಾದರೆ, ತಂದೆ ಬಂದು ಮಗುವನ್ನು ನೋಡಿ ರಾತ್ರಿಯೊಳಗೆ ತನ್ನ ಮನೆಗೆ ಮರಳಬಹುದಾದಷ್ಟು ಹತ್ತಿರವಿದ್ದರೆ ಅಡ್ಡಿಯಿಲ್ಲ. ಬಸ್ಸಾಗಲಿ ರೈಲಾಗಲಿ ಇಲ್ಲದ ಕಾಲದಲ್ಲಿಯೇ ಒಬ್ಬ ಪಂಡಿತರು ತಂದೆಯ ಭೇಟಿಯನ್ನು ಅಳತೆಗೋಲಾಗಿ ಇಟ್ಟುಕೊಂಡರು. ಗಜಗಳ ಲೆಕ್ಕವಲ್ಲ, ಕೋಸುಗಳ ಲೆಕ್ಕವಲ್ಲ, ನೋಡಿ ಮರಳುವ ಒಂದು ಹಗಲಿನ ಲೆಕ್ಕ. ಈ ಅಳತೆಯಲ್ಲಿ ಯಾವಗಲ್‌ಗೂ ನರಗುಂದಕ್ಕೂ ಯಾವ ತಕರಾರೂ ಇಲ್ಲ. ತಂದೆಯೇ ಗೋವಾಕ್ಕೆ ಹೋದರೆ? ಗಲ್ಫ್‌ಗೆ ಹೋದರೆ? ಆಗ ದೂರ ಮಾಡಿಕೊಂಡವನು ಆತ. ತಾಯಿಯನ್ನು ದೂರುವ ಹಾಗಿಲ್ಲ. ಊರಿಗೆ ಬರುವ ದಿನಾಂಕವನ್ನು ಮೊದಲೇ ತಿಳಿಸುವ ಹೊಣೆ ಅವನದ್ದು, ಬಂದಾಗ ಆ ದಿನಗಳಲ್ಲಿ ಮಕ್ಕಳನ್ನು ಉದಾರವಾಗಿ ಕಳುಹಿಸಿಕೊಡುವ ಹೊಣೆ ಆಕೆಯದ್ದು. ನಡುವಿನ ತಿಂಗಳುಗಳಿಗೆ ಫೋನ್ ಇದೆ.

ವಯಸ್ಸಿನ ಬಗ್ಗೆ ಅರ್ಧ ತಿಳಿದವರಿಂದ ಆಗುವ ಹಾನಿ ಸಣ್ಣದಲ್ಲ. ಹನಫೀ ಅಭಿಪ್ರಾಯದಂತೆ ಗಂಡುಮಗು ಸುಮಾರು ಏಳು ವರ್ಷದವರೆಗೆ, ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಪಾಲನೆಯಲ್ಲಿರುತ್ತದೆ. ಆದರೆ ಏಳು ತುಂಬಿದ ದಿನ ತಾಯಿಯ ಮುಖ ನೋಡುವ ಹಕ್ಕೂ ಮುಗಿಯಿತೆಂದು ತಿಳಿಯುವವರಿದ್ದಾರೆ. ಇದು ಶುದ್ಧ ತಪ್ಪು. ಮಗು ಯಾರ ಬಳಿ ಇದ್ದರೂ ಇನ್ನೊಬ್ಬರು ಅದನ್ನು ನೋಡುವುದನ್ನು ತಡೆಯುವಂತಿಲ್ಲ. ಕರಾವಳಿಯ ನಮ್ಮ ಸಹೋದರರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ತಿಳಿವಳಿಕೆ ಬಂದ ಮಗುವಿಗೆ ಆಯ್ಕೆಯ ಅವಕಾಶವಿದೆ. ಇಮಾಮ್ ನವವಿಯವರು ಅಲ್ಲಿ ದಿನಚರಿಯನ್ನೇ ಬರೆದಿಟ್ಟಿದ್ದಾರೆ. ಹುಡುಗ ತಾಯಿಯನ್ನು ಆರಿಸಿಕೊಂಡರೆ ರಾತ್ರಿ ತಾಯಿಯ ಬಳಿ, ಹಗಲು ವಿದ್ಯೆ ಮತ್ತು ಕಸುಬು ಕಲಿಯಲು ತಂದೆಯ ಬಳಿ. ತಂದೆಯನ್ನು ಆರಿಸಿಕೊಂಡರೆ ತಾಯಿಯನ್ನು ಭೇಟಿಯಾಗುವುದನ್ನು ತಂದೆ ತಡೆಯಬಾರದು. ಕಾಯಿಲೆ ಬಿದ್ದರೆ ಆರೈಕೆ ಮಾಡುವ ಮೊದಲ ಹಕ್ಕು ತಾಯಿಯದ್ದು. ಭೇಟಿಯ ವೇಳಾಪಟ್ಟಿ ಎಂದರೆ ಕೋರ್ಟು ಕಚೇರಿಯಿಂದ ಬಂದ ಹೊಸ ರೋಗವೆಂದು ಮೂಗು ಮುರಿಯುವ ಹಿರಿಯರು ಇದನ್ನು ಓದಬೇಕು.

ತಾಯಿಯ ಮರುಮದುವೆಯ ವಿಷಯವೂ ಹೀಗೆಯೇ. ಮದುವೆಯಾಗದಿರುವವರೆಗೆ ಮಗುವಿನ ಮೇಲೆ ನಿನಗೇ ಹೆಚ್ಚು ಹಕ್ಕು ಎಂಬರ್ಥದ ಮಾತನ್ನು ಪ್ರವಾದಿ(ಸ) ಒಬ್ಬ ತಾಯಿಗೆ ಹೇಳಿದ್ದರು. ಈ ಹದೀಸ್‌ನ ಉತ್ತರಾರ್ಧವನ್ನಷ್ಟೇ ಹಿಡಿದುಕೊಂಡು, ಆಕೆ ನಿಕಾಹ್ ಆದ ಮರುದಿನವೇ ಮಕ್ಕಳನ್ನು ಎತ್ತಿಕೊಂಡು ಬರಲು ಜೀಪು ಕಳುಹಿಸುವವರಿದ್ದಾರೆ. ಹನಫೀ ಕ್ರಮದಲ್ಲಿ ತಾಯಿಯ ಬಳಿಕದ ಹಕ್ಕು ತಾಯಿಯ ತಾಯಿಗೆ, ಅಂದರೆ ನಾನಿಗೆ. ಆ ಬಳಿಕ ದಾದಿಗೆ. ಪಾಲನೆಯ ಹಕ್ಕು ಕೈಬದಲಾದರೂ ಭೇಟಿ ಕಡಿಯುವುದಿಲ್ಲ. ಮರುಮದುವೆಯೆಂಬುದು ಅಲ್ಲಾಹನು ಅನುಮತಿಸಿದ ಕಾರ್ಯ. ಮಕ್ಕಳ ಮುಖ ತಪ್ಪಿಸಿ ಅದಕ್ಕೆ ದಂಡ ವಿಧಿಸಲು ನಾವು ಯಾರು?

ದೇಶದ ಕಾನೂನು ಈ ವಿಷಯದಲ್ಲಿ ಬಹಳ ಭಿನ್ನವಾದ ದಾರಿ ಹಿಡಿದಿಲ್ಲ. 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆಯು ಮಗುವಿಗೆ ಅನ್ವಯವಾಗುವ ವೈಯಕ್ತಿಕ ಕಾನೂನನ್ನು ಗಮನದಲ್ಲಿಟ್ಟುಕೊಂಡೇ ಮಗುವಿನ ಹಿತವನ್ನು ನೋಡಬೇಕೆನ್ನುತ್ತದೆ. ತಿಳಿವಳಿಕೆಯಿರುವ ಮಗುವಿನ ಇಷ್ಟವನ್ನೂ ಕೇಳಬಹುದು. 2010ರಲ್ಲಿ ಬೆಂಗಳೂರಿನ ಒಂದು ಮುಸ್ಲಿಂ ಕುಟುಂಬದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅದು ತಲಾಕ್‌ನ ಪ್ರಕರಣವಲ್ಲ. ತಾಯಿ ತೀರಿಕೊಂಡಿದ್ದರು, ತಂದೆ ಮರುಮದುವೆಯಾಗಿದ್ದರು, ಮಕ್ಕಳು ತಾಯಿಯ ತವರಿನವರ ಬಳಿ ಇದ್ದರು. ತಂದೆಯೇ ಸಹಜ ಪೋಷಕ ಎಂಬುದು ಬೇರೆ, ಮಕ್ಕಳು ಸದ್ಯ ಯಾರ ಆರೈಕೆಯಲ್ಲಿರಬೇಕು ಎಂಬುದು ಬೇರೆ ಎಂದು ನ್ಯಾಯಾಲಯ ವಿಂಗಡಿಸಿತು. ಪ್ರಕರಣ ಇತ್ಯರ್ಥವಾಗುವವರೆಗೆ ಮಕ್ಕಳನ್ನು ಅಜ್ಜನ ಮನೆಯಲ್ಲಿಯೇ ಉಳಿಸಿತು, ತಂದೆಯ ಭೇಟಿಯನ್ನೂ ಉಳಿಸಿತು. 2020ರ ಇನ್ನೊಂದು ತೀರ್ಪಿನಲ್ಲಿ, ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕೆಂದೂ, ಮಗು ಒಬ್ಬರ ಬಳಿ ಇರುವಾಗ ಇನ್ನೊಬ್ಬರಿಗೆ ಸಾಕಷ್ಟು ಭೇಟಿಯ ಅವಕಾಶವಿರಬೇಕೆಂದೂ, ದೂರದಲ್ಲಿದ್ದರೆ ಫೋನ್ ಹಾಗೂ ವಿಡಿಯೋ ಕರೆಯ ಅವಕಾಶವಾದರೂ ಬೇಕೆಂದೂ ಅದೇ ನ್ಯಾಯಾಲಯ ಹೇಳಿತು. ಹಕ್ಕು ಮಗುವಿನದ್ದು ಎಂಬ ಮಾತಿಗೆ ಇಲ್ಲಿಯೂ ಬಂದು ತಲುಪಿದೆವು.

ಇದಕ್ಕೆ ಒಂದು ಅಪವಾದವಿದೆ, ಅದನ್ನು ಮುಚ್ಚಿಡಬಾರದು. ಕುಡಿದು ಬರುವವನ ಜೊತೆ, ಕೈ ಮಾಡುವವನ ಜೊತೆ, ಮಗುವನ್ನು ಮರಳಿ ತರದೆ ಅಡಗಿಸುವವರ ಜೊತೆ ಮಗುವನ್ನು ಒಂಟಿಯಾಗಿ ಕಳುಹಿಸಬೇಕಾಗಿಲ್ಲ. ಮಗುವಿನ ಹಕ್ಕೆಂದ ಮೇಲೆ ಮಗುವಿನ ಸುರಕ್ಷೆ ಅದರ ಮೊದಲ ಭಾಗ. ಅಂತಹ ಕಡೆ ನಾನಿಯ ಮನೆಯಲ್ಲಿಯೋ ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಮನೆಯಲ್ಲಿಯೋ, ಅವರ ಕಣ್ಣೆದುರಿನಲ್ಲಿ ಭೇಟಿ ನಡೆಯಲಿ. ಆದರೆ ಈ ಅಪವಾದವನ್ನು ನೆಪವಾಗಿ ಬಳಸಿ ಸಾಧು ತಂದೆಯೊಬ್ಬನನ್ನು ರಾಕ್ಷಸನನ್ನಾಗಿ ಚಿತ್ರಿಸುವುದು ಕೂಡ ನಡೆಯುತ್ತದೆ. ಸುಳ್ಳು ಆರೋಪದ ಪಾಪ ಎಂತಹದ್ದೆಂದು ಓದುಗರಿಗೆ ತಿಳಿಸಬೇಕಾಗಿಲ್ಲ.

ಹೆಚ್ಚು ಕಠಿಣವಾದುದು "ಮಗೂನೇ ಬರಂಗಿಲ್ಲ ಅಂತೈತಿ" ಎಂಬ ಮಾತು. ಕೆಲವೊಮ್ಮೆ ಇದು ನಿಜ. ತಿಂಗಳುಗಟ್ಟಲೆ ಕಾಣದ ಮುಖಕ್ಕೆ ನಾಲ್ಕು ವರ್ಷದ ಮಗು ಹೆದರುತ್ತದೆ. ಅದು ನಿರಾಕರಣೆಯಲ್ಲ, ಅಪರಿಚಿತತೆ. ಅದಕ್ಕೆ ಮದ್ದು ಭೇಟಿಯನ್ನು ನಿಲ್ಲಿಸುವುದಲ್ಲ, ಚಿಕ್ಕದಾಗಿ ಆದರೆ ಮೇಲಿಂದ ಮೇಲೆ ಮಾಡುವುದು. ಮೊದಲು ತಾಯಿಯ ಮನೆಯ ಅಂಗಳದಲ್ಲಿ ಒಂದು ತಾಸು, ಆಮೇಲೆ ಅರ್ಧ ದಿನ, ರಾತ್ರಿ ಉಳಿಯುವುದು ಎಷ್ಟೋ ತಿಂಗಳ ಬಳಿಕ. ಇನ್ನು ಕೆಲವೊಮ್ಮೆ ಮಗುವಿನ ಬಾಯಿಂದ ಬರುವುದು ದೊಡ್ಡವರ ಮಾತು. ಭೇಟಿಯಿಂದ ಮರಳಿದ ಮಗುವಿಗೆ, ಅಲ್ಲಿ ಏನು ತಿನ್ನಿಸಿದರು, ನಮ್ಮ ಬಗ್ಗೆ ಏನೆಂದರು, ಹೊಸ ಅಮ್ಮ ಹೇಗಿದ್ದಾಳೆ ಎಂದು ಕೂರಿಸಿಕೊಂಡು ವಿಚಾರಣೆ ನಡೆಯುತ್ತದೆ. ಆ ಕಡೆ ಹೋದಾಗ ಅಮ್ಮಿ ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ ಎಂಬ ಪ್ರಶ್ನೆ ಕಾದಿರುತ್ತದೆ. ಅಲ್‌ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ಗೂಢಚರ್ಯೆಯನ್ನೂ ಪರನಿಂದೆಯನ್ನೂ ಒಟ್ಟಿಗೆ ನಿಷೇಧಿಸಿದ್ದಾನೆ. ಇಲ್ಲಿ ಎರಡನ್ನೂ ಒಂದು ಮಗುವಿನ ಕೈಯಲ್ಲಿ ಮಾಡಿಸಲಾಗುತ್ತದೆ. ಇಂತಹ ಎರಡು ಭಾನುವಾರಗಳ ನಂತರ ಮಗು ಎಲ್ಲಿಗೂ ಹೋಗುವುದಿಲ್ಲ ಎಂದರೆ ಆಶ್ಚರ್ಯವೇನು? ಎರಡು ಕಡೆಯೂ ಅದಕ್ಕೆ ಪರೀಕ್ಷೆಯೇ.

ಆದುದರಿಂದ ಜಮಾಅತ್‌ನ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಪಾತ್ರೆಗಳ ಪಟ್ಟಿಗಿಂತ ಮೊದಲು ಮಕ್ಕಳ ಹಾಳೆ ಬರೆಯಿಸಿ. 'ಆಗಾಗ' ಎಂಬ ಪದ ಅದರಲ್ಲಿ ಇರಬಾರದು. ಯಾವ ವಾರ, ಎಷ್ಟು ಗಂಟೆಗೆ, ಕರೆದೊಯ್ಯುವವರು ಯಾರು, ಮರಳಿ ತಂದು ಬಿಡುವವರು ಯಾರು, ಬಸ್ ಖರ್ಚು ಯಾರದ್ದು ಎಂದು ಬರೆಯಬೇಕು. ಶಾಲೆಯ ಬೇಸಗೆ ರಜೆ, ದಸರಾ ರಜೆಗಳ ಹಂಚಿಕೆ ಬರೆಯಬೇಕು. ಬಿತ್ತನೆ, ಸುಗ್ಗಿಯ ವಾರಗಳಲ್ಲಿ ತಂದೆಗೆ ಬರಲಾಗದಿದ್ದರೆ ಎರಡು ದಿನ ಮೊದಲೇ ತಿಳಿಸಿ ಬದಲಿ ದಿನ ಪಡೆಯುವ ಕ್ರಮ ಬರೆಯಬೇಕು. ಹಳ್ಳ ಬಂದು ರಸ್ತೆ ನಿಂತ ದಿನ ಭೇಟಿ ತಪ್ಪಿದರೆ ಅದು ಯಾರ ತಪ್ಪೂ ಅಲ್ಲ, ಮುಂದಿನ ವಾರ ಅದನ್ನು ತುಂಬಿಕೊಡಬೇಕೆಂದೂ ಬರೆಯಬೇಕು. ಅಂದು ಸಂಜೆ ಫೋನಾದರೂ ಬರಲಿ, ಮಗು ಕಟ್ಟೆಯ ಮೇಲೆ ಕಾಯುತ್ತಿರುತ್ತದೆ.

ಈದ್‌ನ ದಿನವೇ ಎಲ್ಲಕ್ಕಿಂತ ದೊಡ್ಡ ಗಂಟು. ಒಂದು ವರ್ಷ ಈದುಲ್ ಫಿತ್ರ್ ತಾಯಿಯ ಮನೆಯಲ್ಲಿ, ಬಕ್ರೀದ್ ತಂದೆಯ ಮನೆಯಲ್ಲಿ, ಮರುವರ್ಷ ಅದಲು ಬದಲು ಎಂದು ಮಾಡಿಕೊಂಡರೆ ಯಾರಿಗೂ ಮೋಸವಿಲ್ಲ. ಗಂಡುಹುಡುಗ ಎಲ್ಲೇ ಇರಲಿ, ಸಾಧ್ಯವಾದರೆ ಈದ್ ನಮಾಝ್‌ಗೆ ತಂದೆಯ ಪಕ್ಕದಲ್ಲಿ ನಿಲ್ಲುವಂತೆ ನೋಡಿಕೊಳ್ಳಬಹುದು. ಇದು ನನ್ನ ಸ್ವಂತ ಅಭಿಪ್ರಾಯ, ಯಾವ ಕಿತಾಬಿನ ಮಾತಲ್ಲ.

ಜಮಾಅತ್‌ನ ಹಾಳೆ ಒಪ್ಪಂದವೇ ಹೊರತು ಆದೇಶವಲ್ಲ ಎಂಬುದನ್ನೂ ತಿಳಿದಿರಬೇಕು. ಫತ್ವಾಗಳಿಗೂ ದಾರುಲ್ ಖಝಾಗಳ ತೀರ್ಮಾನಗಳಿಗೂ ಕಾನೂನಿನ ಬಲವಿಲ್ಲ, ಇಷ್ಟವಿದ್ದವರು ಪಾಲಿಸಬಹುದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಒಬ್ಬರು ಮಾತು ತಪ್ಪಿದರೆ ಹಾಳೆ ಹಿಡಿದು ಏನೂ ಮಾಡಲಾಗದು. ಇಬ್ಬರೂ ಒಪ್ಪಿರುವಾಗಲೇ ಅದನ್ನು ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ನಲ್ಲಿ ದಾಖಲಿಸಿಕೊಂಡರೆ ಅದು ನ್ಯಾಯಾಲಯದ ಡಿಕ್ರಿಗೆ ಸಮನಾಗುತ್ತದೆ. ಮಹಿಳೆಯರಿಗೂ ಮಕ್ಕಳಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವಿದೆ. ಕೋರ್ಟಿನ ಮೆಟ್ಟಿಲು ಹತ್ತುವುದು ಮರ್ಯಾದೆಗೆ ಕುಂದೆಂದು ಹಿಂಜರಿಯುವವರು, ಅದಕ್ಕಿಂತ ಮೊದಲು ಠಾಣೆಯ ಮೆಟ್ಟಿಲು ಹತ್ತಿದ ಸಂಬಂಧಿಕರನ್ನು ನೆನಪಿಸಿಕೊಳ್ಳಲಿ. ಹಾಳೆಯ ಒಂದು ಪ್ರತಿ ತಂದೆಯ ಬಳಿ, ಒಂದು ತಾಯಿಯ ಬಳಿ ಇರಲಿ. ಮಗನಿಗೆ ಓದಲು ಬಂದ ಮೇಲೆ ಅವನಿಗೂ ಒಂದನ್ನು ಕೊಡಿ.